ದುಡ್ಡು ಡಬಲ್ ಆಗುತ್ತಿದ್ದ ಆ ಒಂಬತ್ತು ತಿಂಗಳು

ನಮ್ಮ ಕಡೆ ಐದಾರು ವರ್ಷಕ್ಕೊಬ್ಬ ಬಂದು ದುಡ್ಡು ಡಬಲ್ ಮಾಡಿಕೊಡುತ್ತೇನೆ ಎನ್ನುತ್ತಾನೆ. ನಾವು ಹೋದ ಸಲದವನನ್ನು ಬೈಯುತ್ತಲೇ ಈ ಸಲದವನಿಗೆ ಚಾ ಕೊಡುತ್ತೇವೆ.

ಕೋಟು

ಹೊನ್ನಾವರ ಪೇಟೆಯಲ್ಲಿ ನನ್ನದು ಟೈಲರ್ ಅಂಗಡಿ. ಅದರ ಮೇಲಿನ ಮಾಳಿಗೆಯಲ್ಲೇ ಈ ಸಲದ ಡಬಲ್ ಕಂಪನಿಯ ಆಫೀಸು ಶುರುವಾಯಿತು. ಮ್ಯಾನೇಜರ್ ಹೊರಗಿನವ, ಮಾತು ಬಹಳ ನಯ. ಒಂಬತ್ತು ತಿಂಗಳಲ್ಲಿ ಡಬಲ್ ಎಂದ. ಮೊದಲು ಏಜೆಂಟ್ ಆದವನು ನನ್ನ ಹೆಂಡತಿಯ ಅಣ್ಣ, ನಮ್ಮ ಬಾವ. ರಿಕ್ಷಾ ಓಡಿಸುತ್ತಿದ್ದ. ಏಜೆಂಟರು ಕೋಟು ಹಾಕಲೇಬೇಕಂತೆ. ಮೇ ತಿಂಗಳ ಸೆಖೆಯಲ್ಲಿ ನಾನೇ ಹೊಲಿದುಕೊಟ್ಟೆ.

ಬೆಳಿಗ್ಗೆ ಕಂಪನಿ ಕೆಲಸ, ಮಧ್ಯಾಹ್ನದ ಮೇಲೆ ಅದೇ ಕೋಟಿನಲ್ಲಿ ರಿಕ್ಷಾ. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ರಿಕ್ಷಾಕ್ಕೆ ಒರಗಿ ನಿಂತಿದ್ದ. ಇಬ್ಬರು ಬಂದು ಹಿಂದೆ ಕೂತರು. ಐದು ನಿಮಿಷ ಕಾದು ಒಬ್ಬ ತಲೆ ಹೊರಗೆ ಹಾಕಿ ಕೇಳಿದ, "ಸರ್, ಡ್ರೈವರ್ ಎಲ್ಲಿ ಹೋದ?"

ಅಲ್ಲಿಯ ತನಕ ಯಾರೂ ಅವನನ್ನು ಸರ್ ಎಂದದ್ದಿಲ್ಲ. ಆ ಖುಷಿಗೆ ಬಾವ "ಈಗ ಬರ್ತ" ಎಂದುಬಿಟ್ಟ. ಎಂದ ಮೇಲೆ ಅಲ್ಲಿ ನಿಲ್ಲುವುದು ಹೇಗೆ? ಬಾಡಿಗೆ ಬಿಟ್ಟು ಚಾದಂಗಡಿಗೆ ನಡೆದ.

ಕಣ್ಣು ಮುಚ್ಚಿ

ಮ್ಯಾನೇಜರ್ ಒಂದು ದಿನ ಹಾಲ್ ಹಿಡಿದು ಊಟ ಹಾಕಿಸಿದ. ಊಟಕ್ಕೆ ಮೊದಲು ಎಲ್ಲರೂ ಕಣ್ಣು ಮುಚ್ಚಿ, ಡಬಲ್ ಆದ ದುಡ್ಡಿನಿಂದ ಎಂಥ ಬಾಳು ಬಾಳುತ್ತೇವೆಂದು ನೋಡಬೇಕಿತ್ತು. ಒಬ್ಬರಿಗೆ ಕಾರು ಕಂಡಿತು, ಒಬ್ಬರಿಗೆ ದುಬೈ. ನಮ್ಮ ಕೇರಿಗೆ ಇಪ್ಪತ್ತು ವರ್ಷದಿಂದ ಮೀನು ತರುವ, ಹೊಳೆಯಾಚೆಯ ಕಾಸರಕೋಡಿನ ಅಕ್ಕ ಮೂಲೆಯಲ್ಲಿ ಕೂತಿದ್ದಳು. ನಿಮಗೆ ಎಂತ ಕಂಡಿತು ಎಂದು ಮೈಕ್ ಹಿಡಿದರು.

"ಮಳೆಗಾಲಕ್ಕೆ ಅಂತ ಒಣಗಿಸಿಟ್ಟ ಮೀನು ಬೆಕ್ಕು ತಿಂತಾ ಇತ್ತು" ಎಂದಳು.

ಇಡೀ ಹಾಲ್ ನಕ್ಕಿತು. ಅವಳೂ ನಕ್ಕಳು. ನಕ್ಕು, ಮನೆಗೆ ಸ್ಲ್ಯಾಬ್ ಹಾಕಿಸಲು ಕೂಡಿಟ್ಟದ್ದನ್ನೆಲ್ಲ ಮಾರನೇ ದಿನ ಬಾವನ ಕೈಗೆ ಕೊಟ್ಟಳು. ಅಷ್ಟು ಜನರಲ್ಲಿ ಸರಿಯಾಗಿ ಕಂಡದ್ದು ಅವಳೊಬ್ಬಳಿಗೇ ಎಂದು ಆಗ ಯಾರಿಗೆ ಗೊತ್ತು?

ಸೋಫಾ

ಬೇರೆಯವರ ಮಾತೇಕೆ, ನನ್ನ ಹೆಂಡತಿಯ ಬಳೆಯೂ ಅದೇ ದಾರಿ ಹಿಡಿದಿತ್ತು. ಮೊದಲ ಕೆಲವು ತಿಂಗಳು ಬಡ್ಡಿ ಎಂದು ಸ್ವಲ್ಪ ಸ್ವಲ್ಪ ಕೊಟ್ಟರು. ಆ ಹುರುಪಿಗೆ ಕುಮಟೆಯಿಂದ ಒಂದು ಸೋಫಾ ತಂದೆವು. ಅಡ್ಡ ಹಿಡಿದರೂ ಉದ್ದ ಹಿಡಿದರೂ ಅದು ಬಾಗಿಲಲ್ಲಿ ಹೋಗಲಿಲ್ಲ. ಹೇಗೂ ಹೊಸ ಮನೆ ಕಟ್ಟುವವರು, ಹಳೇ ಗೋಡೆಯ ಮೇಲೆ ಎಂತ ಪ್ರೀತಿ ಎಂದ ಬಾವ. ನನಗೂ ಸರಿ ಕಂಡಿತು. ಮುಂದಿನ ಗೋಡೆ ಕೆಡವಿ ಸೋಫಾ ಒಳಗಿಟ್ಟೆವು.

ಅದೇ ವಾರ ಮಾಳಿಗೆಗೆ ಬೀಗ ಬಿತ್ತು. ಮ್ಯಾನೇಜರನ ಫೋನು ಸ್ವಿಚ್ ಆಫ್. ಗೋಡೆಯಿದ್ದಲ್ಲಿ ತಾಡಪಾಲು ಕಟ್ಟಿದೆ. ಸಮಾಧಾನ ಹೇಳಲು ಬಂದ ಪಕ್ಕದ ಮನೆಯವಳಿಗೆ ನನ್ನ ಹೆಂಡತಿ ಹೇಳಿದ್ದು ಇಷ್ಟೇ: "ಬಾಗಿಲು ಹಾಕ್ಕೊಂಡು ಅಳುವ ಅಂದ್ರೆ ಗೋಡೆಯೇ ಇಲ್ಲ."

ಬಂಗಡೆ

ಬಾವ ಊರಿಗೆ ಮೋಸ ಮಾಡಿದವನಲ್ಲ. ಕೊನೆಗೆ ರಿಕ್ಷಾವನ್ನೂ ಮಾರಿ ಅದಕ್ಕೇ ಹಾಕಿದ್ದ. ಆದರೆ ದುಡ್ಡು ಕೊಟ್ಟವರಿಗೆ ಗೊತ್ತಿದ್ದ ಮನೆ ಅವನದೊಂದೇ. ಅಂಗಳ ತುಂಬ ಜನ. ಅವನು ಗೋಡೆ ಕಡೆ ಮುಖ ಮಾಡಿ ಕೂತವನು ಎರಡು ದಿನ ಏಳಲಿಲ್ಲ, ಉಣ್ಣಲಿಲ್ಲ. ಏನಾದರೂ ಮಾಡಿಕೊಂಡಾನು ಎಂದು ನಾನು ಪಕ್ಕದಿಂದ ಕದಲಲಿಲ್ಲ.

ಮೂರನೇ ದಿನ ಕಾಸರಕೋಡಿನ ಅಕ್ಕ ಬಂದಳು. ಅವಳ ಬಾಯಿ ಎಲ್ಲರಿಗೂ ಗೊತ್ತಿದ್ದದ್ದೇ. ಜನ ದಾರಿ ಬಿಟ್ಟರು. ಅವಳು ಬುಟ್ಟಿ ಇಳಿಸಿ, ಒಲೆ ಹಚ್ಚಿದೆಯಾ ಎಂದು ಬಾವನ ಹೆಂಡತಿಯನ್ನು ಕೇಳಿದಳು. ಇಲ್ಲ ಎಂದು ತಿಳಿದ ಮೇಲೆ ಬಾವಿಕಟ್ಟೆಯಲ್ಲಿ ಕೂತು ನಾಲ್ಕು ಬಂಗಡೆ ಕೊಯ್ದು ಒಳಗೆ ಕೊಟ್ಟಳು. ಸಾರು ಕುದಿಯುವ ತನಕ ಅಲ್ಲೇ ಕೂತಳು. ತಟ್ಟೆಯನ್ನು ಅವಳೇ ತಂದು ಬಾವನ ಮುಂದಿಟ್ಟಳು.

"ತಮಾ, ನಾ ಬೈಯಲಿಕ್ಕೇ ಬಂದದ್ದು. ಖಾಲಿ ಹೊಟ್ಟೆಯವನಿಗೆ ಬೈದ್ರೆ ಪಾಪ ನಂಗೆ. ಮೊದಲು ಉಣ್ಣು. ಆಮೇಲೆ ಬೈತೆ."

ಬಾವ ಅಳುತ್ತಲೇ ತಟ್ಟೆಗೆ ಕೈ ಹಾಕಿದ. ಎರಡು ನಿಮಿಷಕ್ಕೆ ಊಟ ಮುಗಿಸಿ ಏಳುವ ಆಸಾಮಿ, ಅಂದು ಒಂದು ಬಂಗಡೆಯ ಮುಳ್ಳು ಬಿಡಿಸಲು ಮುಕ್ಕಾಲು ತಾಸು ತಗೊಂಡ. ಅಕ್ಕ ಹೊಸ್ತಿಲಲ್ಲಿ ಕಾದಳು. ಬಿಸಿಲು ನೋಡಿದಳು, ಬುಟ್ಟಿ ನೋಡಿದಳು. ಕೊನೆಗೆ ಬುಟ್ಟಿ ತಲೆಗೇರಿಸಿಕೊಂಡು ಎದ್ದಳು.

"ಆತು, ಉಳಿದ ಮೀನು ಹಾಳಾಗ್ತದೆ. ನಾಳೆ ಬಂದು ಬೈತೆ. ನಾಳೆನೂ ಉಂಡ್ಕೊಂಡೇ ಕೂತಿರು."