ಕುಡಿದು ಮಲಗಿದ ಬಿಸ್ಕೀಟುಗಳು

ಇನ್ನೂರು ಡಬ್ಬಿ, ಡಬ್ಬಿಗೆ ಐದುನೂರು, ಒಟ್ಟು ಒಂದು ಲಕ್ಷದ ದೀಪಾವಳಿ ಆರ್ಡರು. ಪುಣೆಯಲ್ಲಿ ಬೇಕರಿ ಇಟ್ಟು ಮೂವತ್ತು ವರ್ಷವಾಯಿತು. ದೊಡ್ಡ ಆರ್ಡರು ಬಂದಾಗಲೆಲ್ಲ ನನಗೆ ಅರ್ಥವಾಗದ ಮಾಲನ್ನೇ ಕೇಳುತ್ತಾರೆ. ಈ ಸಲ ಊರಾಚೆಯ ಭೋಸರಿಯ ಕಾರ್ಖಾನೆಯೊಂದರ ಆಫೀಸಿನಿಂದ, ಬೆಂಗಳೂರು ಕಡೆಯ ಮೇಡಂ ಒಬ್ಬರು ಫೋನ್ ಮಾಡಿದರು: “ಸರ್, ಕ್ರೀಮ್ ಲಿಕರ್ ಹಾಕಿದ ಚಾಕೊಲೇಟ್ ಚಿಪ್ ಕುಕೀಸ್. ಸ್ಯಾಂಪಲ್ ಇಷ್ಟ ಆದ್ರೆ ಆರ್ಡರ್ ನಿಮ್ದೇ.”

ನಾವು ಬಿಸ್ಕೀಟು ಅನ್ನುವವರು. ಬಿಸ್ಕೀಟಾದರೆ ಕಿಲೋ ಲೆಕ್ಕ, ಕುಕೀ ಆದರೆ ಡಬ್ಬಿ ಲೆಕ್ಕ. ಕುಕೀ ಎಂದೇ ಒಪ್ಪಿಕೊಂಡೆ.

೧. ಹೋಲ್‌ಸೇಲ್ ರೇಟು

ಕ್ರೀಮ್ ಅಂದರೆ ಹಾಲಿನ ಅಂಗಡಿ. ಲಿಕರ್ ಅಂದರೆ ಆ ಇನ್ನೊಂದು ಅಂಗಡಿ. ಎರಡೂ ಕೂಡಿದ್ದು ಎಲ್ಲಿ ಸಿಗುತ್ತದೆ? ಮೊದಲು ಡೇರಿಯವನನ್ನು ಕೇಳಿದೆ. ಅವನು ಸುಮ್ಮನೆ ಎದುರಿನ ವೈನ್ ಶಾಪಿನತ್ತ ಬೆರಳು ತೋರಿಸಿದ.

ಜನ್ಮದಲ್ಲಿ ಆ ಮೆಟ್ಟಿಲು ಹತ್ತಿದವನಲ್ಲ. ಅಲ್ಲಿಯವ ಬಾಟ್ಲಿ ತೋರಿಸಿದ. ರೂಢಿಯಂತೆ ಬಾಯಿಂದ ಬಂತು, “ಇದು ಐದು ಲೀಟರ್ ಕ್ಯಾನಿನಲ್ಲಿ ಬರುತ್ತದೆಯೇ? ಹೋಲ್‌ಸೇಲ್ ಏನು ಬೀಳುತ್ತದೆ?”

ಅವನು ನನ್ನ ಹಣೆಯ ವಿಭೂತಿ ನೋಡಿದ, ಬಿಳಿ ಮೀಸೆ ನೋಡಿದ, ಮರಾಠಿಯಲ್ಲಿ ಮೆಲ್ಲಗೆ ಕೇಳಿದ: “ಕಾಕಾ, ಏವ್ಢಂ ದುಃಖ ಕಶಾಚಂ?”

ಇಷ್ಟೊಂದು ದುಃಖ ಯಾತರದು ಅಂತ!

೨. ಭಟ್ಟಿಯ ಮುಂದೆ

ನಮ್ಮ ಭಟ್ಟಿಯವ, ಅಂದರೆ ಬೇಕರಿಯ ಒಲೆ ನೋಡಿಕೊಳ್ಳುವವ, ವಿಜಯಪುರದವನು. ಬಾಟ್ಲಿಯ ಅಳತೆ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಂದಾಜಿನಲ್ಲಿ ಸುರಿದೆವು. ಸ್ವಲ್ಪ ಹೊತ್ತಿಗೆ ಅವನು ಕೂಗಿದ, “ಮಾಲಕ್ರ, ಲಗೂನ ಬರ್ರಿ!”

ಸಾಲಾಗಿ ಇಟ್ಟ ಗುಂಡನೆಯ ಉಂಡೆಗಳೆಲ್ಲ ಕರಗಿ, ಟ್ರೇ ತುಂಬ ಒಂದೇ ಚಪ್ಪಟೆ ಹಾಳೆಯಾಗಿತ್ತು.

“ಏನಾತೋ ಇದು?”

“ಏನಾಗೋದ್ರಿ? ಕುಡದಾವ, ಒಂದರ ಮ್ಯಾಲೊಂದು ಬಿದ್ದಾವ. ಅಂಡಾ ಹಾಕಿದ್ರ ಎದ್ದ ನಿಂದರತಾವ್ರಿ.”

೩. ಮಾಸ್ತರರ ಪಂಚಾಂಗ

ಮಾಲು ಎಸೆಯುವುದು ನನ್ನ ಜಾಯಮಾನದಲ್ಲಿಲ್ಲ. ಹಾಳೆಯನ್ನು ಮುರಿದು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಿದ್ದೆ. ಧಾರವಾಡ ಕಡೆಯ ರಿಟಾಯರ್ ಮಾಸ್ತರರು ಬಂದರು. “ಇದರಾಗ ಅಂಡಾ ಅದ ಏನ್ರಿ?”

“ಇಲ್ರಿ ಸರ. ಆದ್ರ ದಾರು ಅದ, ಮೊದಲ ಹೇಳೇನಿ.”

ಮಾಸ್ತರರು ಕಣ್ಣು ಮುಚ್ಚಿ ಯೋಚಿಸಿದರು. “ದಾರು ಧಾನ್ಯದ್ದು. ಧಾನ್ಯ ಏಕಾದಶಿಗೆ ನಡಿಯಂಗಿಲ್ಲ. ಇವತ್ತ ದಶಮಿ. ಕೊಡ್ರಿ ನಾಕು!”

೪. ಭೋಸರಿಯಲ್ಲಿ

ಜನ ದಾರುವಿಗಿಂತ ಮೊದಲು ಅಂಡಾ ಕೇಳುತ್ತಾರೆ ಎಂದು ಮಾಸ್ತರರಿಂದ ನಾನು ಕಲಿಯಬೇಕಿತ್ತು, ಕಲಿಯಲಿಲ್ಲ. ಅಂಡಾ ಹಾಕಿಸಿ, ಚೆಂದ ಎದ್ದು ನಿಂತ ಕುಕೀಗಳನ್ನು ಡಬ್ಬಿಗೆ ತುಂಬಿ ಭೋಸರಿಗೆ ಒಯ್ದೆ. ಮೇಡಂ ಒಂದನ್ನು ಬಾಯಿಯ ಹತ್ತಿರ ತಂದು ನಿಲ್ಲಿಸಿದರು. “ಸರ್, ಎಗ್‌ಲೆಸ್ ತಾನೆ?”

“ಇಲ್ರಿ ಮೇಡಂ. ಅಂಡಾ ಇಲ್ಲದ ನಿಂದರಂಗಿಲ್ಲ.”

“ಅಯ್ಯೋ! ನಮ್ ಬಾಸ್ ಪ್ಯೂರ್ ವೆಜ್ ಸರ್. ಕುಡೀತಾರೆ, ಆದ್ರೆ ಮೊಟ್ಟೆ ಮುಟ್ಟಲ್ಲ.”

ಲಕ್ಷ ರೂಪಾಯಿ ಕಣ್ಣೆದುರೇ ಮೆಟ್ಟಿಲಿಳಿದು ಹೊರಟಿತು. ಚೀಲಕ್ಕೆ ಕೈ ಹಾಕಿದಾಗ, ದಾರಿಯಲ್ಲಿ ಚಹಾದ ಜೊತೆ ತಿನ್ನಲೆಂದು ಕಟ್ಟಿಕೊಂಡಿದ್ದ ಆ ಚಪ್ಪಟೆ ಚೂರುಗಳ ಡಬ್ಬಿ ಮೇಲೆ ಬಂತು.

“ಅದೇನ್ ಸರ್?”

“ಇದರಾಗ ಅಂಡಾ ಇಲ್ರಿ,” ಎಂದೆ.

ಮೇಡಂ ಒಂದು ಚೂರು ತಿಂದರು. ಇನ್ನೊಂದು ತಿಂದರು. ಮೂರನೆಯದನ್ನು ಬಾಸಿಗೆ ಒಯ್ದರು. ತಿರುಗಿ ಬಂದು, “ಸರ್, ಇದೇ ಬೇಕು. ಎಷ್ಟು ತೆಳ್ಳಗಿದೆ! ಹೇಗ್ ಮಾಡ್ತೀರಾ?” ಎಂದರು.

ಹೇಗೆ ಅಂತ ನನಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: “ಅದು ಬ್ಯಾರೆ ಐಟಮ್ ರೀ ಮೇಡಂ. ಡಬ್ಬಿಗೆ ನಲವತ್ತು ಜಾಸ್ತಿ.”

ಒಪ್ಪಿದರು.

ಮರುದಿನ ಮತ್ತೆ ವೈನ್ ಶಾಪಿನ ಮೆಟ್ಟಿಲು ಹತ್ತಿ, “ಆರು ಬಾಟ್ಲಿ,” ಎಂದೆ. ಅವನು ಈ ಸಲ ಏನೂ ಕೇಳಲಿಲ್ಲ. ಕುರ್ಚಿ ಹಾಕಿದ, ನೀರು ಕೊಟ್ಟ, ನಾನು ಚೌಕಾಸಿಗೆ ಬಾಯಿ ತೆರೆಯುವ ಮೊದಲೇ ಬಾಟ್ಲಿಗೆ ನೂರು ರೂಪಾಯಿ ತಾನಾಗಿ ಬಿಟ್ಟ.

ಒಟ್ಟು ಲಾಭ: ಒಂದು ಲಕ್ಷದ ಆರ್ಡರು ಒಂದು ಲಕ್ಷ ಎಂಟು ಸಾವಿರವಾಯಿತು, ಅಂಡಾದ ಖರ್ಚು ಪೂರ್ತಿ ಉಳಿಯಿತು, ಮತ್ತು ಆರುನೂರು ರೂಪಾಯಿಯಷ್ಟು ಸಾಂತ್ವನ.