ಬದಲಿ ಹೆಗಲು

ಬಹಳ ಹಿಂದೆ, ಅರಸರ ಪಾದ ನೆಲ ಸೋಕಿದರೆ ದೇಶಕ್ಕೆ ಕೇಡೆಂದು ನಂಬಿಕೊಂಡಿದ್ದ ಭಾರಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಸ್ಥೂಲಕೇತು ಮಹಾರಾಜರು ಸ್ನಾನದ ಮನೆಗೂ ಪಲ್ಲಕ್ಕಿಯಲ್ಲೇ ಬಿಜಯಂಗೈಯುತ್ತಿದ್ದರು. ಪ್ರಭುಗಳ ತೂಕ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಹಣಕಾಸು ಮಂತ್ರಿ ಮಿತವ್ಯಯಸೇನ ಅದನ್ನೇ ರಾಜ್ಯದ ಬೆಳವಣಿಗೆ ದರವೆಂದು ಪ್ರಕಟಿಸುತ್ತಿದ್ದ.

ಆ ದರವನ್ನು ಹೊರುತ್ತಿದ್ದವರು ನಾಲ್ಕು ಜನ ಆಳುಗಳು. ಮುಂದೆ ನಡೆಯುತ್ತಿದ್ದ ಸಣ್ಣಬೋರನಿಗೆ ಹಿಂದೆ ಹೆಗಲು ಕೊಟ್ಟಿದ್ದ ತಮ್ಮ ಲಕ್ಕನದೇ ಚಿಂತೆ. ಲಕ್ಕನ ಹೆಗಲು ಬಾತು ಕೀವಾಗಿತ್ತು. ಹೀಗೇ ಹೊತ್ತರೆ ಕೈ ಮೇಲೇಳುವುದಿಲ್ಲವೆಂದು ವೈದ್ಯ ಹೇಳಿಬಿಟ್ಟಿದ್ದ. ನಾಲ್ವರೂ ಸೇರಿ ಸಂಘ ಕಟ್ಟಿ, ಸರದಿಯ ಮೇಲೆ ಹೊರಲು ಇಬ್ಬರು ಬದಲಿ ಆಳುಗಳನ್ನು ಕೇಳಿದರು. ಅಧ್ಯಕ್ಷಗಿರಿ ತಲೆಗೇರಿದ ಸಣ್ಣಬೋರ ತಿರುವಿಗೊಂದು ಸಭೆ ನಡೆಸಿ, ಬೆಳಗಿನ ದರ್ಬಾರನ್ನು ಸಂಜೆಗೆ ತಂದಿಟ್ಟನೆಂಬುದೂ ಸುಳ್ಳಲ್ಲ, ಬಿಡಿ.

ಮಂತ್ರಿ ಸಂಘದ ಲಾಭ ನಷ್ಟ ತೂಗಿ ನೋಡಿದ. ನಷ್ಟ ಕಣ್ಣಿಗೇ ಕಾಣುತ್ತಿತ್ತು: ಎರಡು ಸಂಬಳ, ತಡವಾದ ದರ್ಬಾರು. ಆಳುಗಳಿಗೆ ವಿಶ್ರಾಂತಿ ಸಿಕ್ಕರೆ ಪ್ರಭುಗಳು ಕೆಳಗೆ ಬೀಳುವುದಿಲ್ಲ, ಅದು ಲಾಭವಲ್ಲವೇ ಎಂದು ಸಣ್ಣಬೋರ ಕೇಳಿದ. ಬೀಳದೇ ಇರುವುದು ಆದಾಯವಲ್ಲವೆಂದು ಮಂತ್ರಿ ಅರ್ಜಿ ತಳ್ಳಿಹಾಕಿದ.

ಮರುದಿನ ನಡುಮಧ್ಯಾಹ್ನ, ಸಂತೆಬೀದಿಯ ನಟ್ಟನಡುವೆ ನಾಲ್ವರೂ ಪಲ್ಲಕ್ಕಿ ಇಳಿಸಿ ಹುಣಸೆಮರದ ನೆರಳಿಗೆ ಹೋಗಿ ಕುಳಿತರು. ಪ್ರಭುಗಳು ಇಳಿಯುವಂತಿಲ್ಲ, ಏರುವ ಬಿಸಿಲು ಕೇಳುವಂತಿಲ್ಲ. ಪ್ರಭುಗಳ ಬೆವರು ಪನ್ನೀರಿನಂತಿದೆಯೆಂದು ಆಸ್ಥಾನಿಕರು ದೂರ ನಿಂತು ಹೊಗಳಿದರು. ದಾರಿ ಕಟ್ಟಿ ಸೊಪ್ಪೆಲ್ಲ ಬಾಡಿದ್ದಕ್ಕೆ ಸೊಪ್ಪಿನ ಹೊಂಬಾಳಮ್ಮ ಸಂಘಕ್ಕೆ ಬಾಯಿತುಂಬ ಶಾಪ ಹಾಕಿದಳು, ಹಾಕುತ್ತಲೇ ಲಕ್ಕನಿಗೊಂದು ಲೋಟ ಮಜ್ಜಿಗೆ ಕೊಟ್ಟಳು. ಹೊತ್ತು ಇಳಿಯುವಷ್ಟರಲ್ಲಿ ಪ್ರಭುಗಳೂ ದಾರಿಗೆ ಬಂದರು.

ಒಪ್ಪಂದವಾಯಿತು. ಇಬ್ಬರು ಬದಲಿ ಆಳುಗಳು ಮಂಜೂರು. ಪ್ರತಿಯಾಗಿ ಸಂಘ ಐದು ವರ್ಷ ಪಲ್ಲಕ್ಕಿ ಇಳಿಸಿ ಕೂರುವಂತಿಲ್ಲ. ಸಣ್ಣಬೋರ ಹಿಗ್ಗಿನಲ್ಲಿ ಹೆಬ್ಬೆಟ್ಟೊತ್ತಿದ. ಲಕ್ಕ ಅಣ್ಣನ ಕೈ ಹಿಡಿದು ಅತ್ತೇಬಿಟ್ಟ.

ಬದಲಿ ಆಳುಗಳಾಗಿ ಬಂದವರು ಮಂತ್ರಿಯ ಇಬ್ಬರು ಭಾವಮೈದುನರು. ಬಂದವರೇ ಪಲ್ಲಕ್ಕಿ ಹತ್ತಿ ಪ್ರಭುಗಳ ಆಚೆಗೊಬ್ಬ ಈಚೆಗೊಬ್ಬ ಕುಳಿತರು. ಸಣ್ಣಬೋರ ಕಣ್ಣು ಕಣ್ಣು ಬಿಟ್ಟ.

"ಬುದ್ಧೀ, ಇವ್ರು ಹೊರೋಕೆ ಬಂದವ್ರಲ್ವಾ?"

"ಹೌದಪ್ಪ, ನಿಮಗೆ ದಣಿವಾದಾಗ ಹೊರಬೇಕಾದವರು," ಎಂದ ಮಂತ್ರಿ. "ನಿಮ್ಮ ಜೊತೆ ನಡೆದು ಅವರೂ ದಣಿದರೆ, ಅವರಿಗೆ ಬದಲಿ ಯಾರು?"

ದಣಿವಾದದ್ದು ಯಾವಾಗ ಎಂದು ತೀರ್ಮಾನಿಸುವ ಅಧಿಕಾರವನ್ನು ಬದಲಿ ಆಳುಗಳಿಗೇ ಕೊಡಲಾಗಿತ್ತು. ಅವರು ಎಲೆಅಡಿಕೆ ಜಗಿಯುತ್ತಾ ಇಣುಕಿ ನೋಡಿ, ಇನ್ನೂ ಇಲ್ಲ ಎಂದರು. ಅವರ ಸಂಬಳಕ್ಕಾಗಿ ಮನೆಮನೆಗೂ ಹೆಗಲು ರಕ್ಷಣಾ ತೆರಿಗೆ ಬಿತ್ತು; ಹೊಂಬಾಳಮ್ಮನ ಸೊಪ್ಪಿನ ಬುಟ್ಟಿಗೂ ಬಿತ್ತು. ಪಲ್ಲಕ್ಕಿಯ ತೂಕ ಒಂದೇ ದಿನದಲ್ಲಿ ದುಪ್ಪಟ್ಟಾಗಿದ್ದರಿಂದ, ದಾಖಲೆ ಬೆಳವಣಿಗೆಗಾಗಿ ಮಿತವ್ಯಯಸೇನನಿಗೆ ‘ಅರ್ಥಭೂಷಣ’ ಬಿರುದು ದೊರೆಯಿತು. ಕಾರ್ಮಿಕ ವಿಜಯಕ್ಕಾಗಿ ಸಣ್ಣಬೋರನಿಗೂ ಒಂದು ಹಾರ ಹಾಕಿದರು.

ಮೆರವಣಿಗೆ ಹೊರಟಿತು. ಹಿಂದಿನಿಂದ ಲಕ್ಕ ಹಲ್ಲು ಕಚ್ಚಿಕೊಂಡು ಕೇಳಿದ: "ಅಣ್ಣಾ, ನಾವು ಗೆದ್ವಾ?"

ಹಾರ ಮೂಗಿಗೆ ಬಂದು ಉಸಿರು ಕಟ್ಟುತ್ತಿತ್ತು. ತಿರುಗಿ ತಮ್ಮನ ಮುಖ ನೋಡುವ ಧೈರ್ಯ ಸಣ್ಣಬೋರನಿಗೆ ಬರಲಿಲ್ಲ.

"ಗೆದ್ವಿ ಕಣ್ಲಾ," ಎಂದ. "ಮುಂದೆ ದಿಬ್ಬ ಐತೆ, ಹುಷಾರು."