ಏನೂ ಕೇಳದ ಮನೆ

ನಾನು ದೆವ್ವಕ್ಕೆ ಹೆದರುವವನಲ್ಲ. ಮನೆ ಮಾಲೀಕರಿಗೆ ಹೆದರುತ್ತೇನೆ. ಬಾಡಿಗೆ ಮನೆ ಹಿಡಿಯುವುದಕ್ಕೆ ಇರುವುದು ಎರಡೇ ದಾರಿ: ನೇರವಾಗಿ ಮಾಲೀಕರ ಬಾಗಿಲು ತಟ್ಟುವುದು, ಇಲ್ಲವೇ ಬ್ರೋಕರ್ ಬೆನ್ನು ಹತ್ತುವುದು. ಹಡಗಲಿಯಿಂದ ಹರಪನಹಳ್ಳಿಗೆ ವರ್ಗವಾದಾಗ ಎರಡನ್ನೂ ತುಳಿದು ನೋಡಿದೆ. ನನ್ನದು ಸರ್ವೆ ಇಲಾಖೆ. ಊರವರ ಹೊಲ, ಸೈಟು ಎಲ್ಲ ಅಳೆದು “ಇಲ್ಲಿಂದ ಇಲ್ಲಿಗೆ ನಿಮ್ಮದು” ಎಂದು ಕಲ್ಲು ತೋರಿಸುವವನು ನಾನು, ನನಗೇ ಕಾಲು ಚಾಚಲು ಜಾಗವಿರಲಿಲ್ಲ. ಹೆಂಡತಿ ಸುಜಾತ, ಆರು ವರ್ಷದ ಮಗಳು ಮೈತ್ರಿ ಹಡಗಲಿಯಲ್ಲಿ ಗಂಟು ಕಟ್ಟಿಕೊಂಡು ಕಾಯುತ್ತಿದ್ದರು. ಶಾಲೆ ಶುರುವಾಗುವುದರೊಳಗೆ ಒಂದು ಸೂರು ಬೇಕಿತ್ತು.

ಮೊದಲು ನೇರ ದಾರಿ ಹಿಡಿದೆ. “ಬರ್ರಿ ಬರ್ರಿ, ಸರ್ವೆ ಸಾಹೇಬ್ರು!” ಎಂದು ಕುರ್ಚಿ ಒರೆಸಿ ಕೂರಿಸುತ್ತಿದ್ದರು. ಚಹಾ ಬರುತ್ತಿತ್ತು. ಚಹಾದ ಹಿಂದೆಯೇ “ಮನಿದೇವ್ರು ಯಾವ್ದ್ರಿ?” ಬರುತ್ತಿತ್ತು. ನಮ್ಮ ಕಡೆ ಜಾತಿಯನ್ನು ಯಾರೂ ನೆಟ್ಟಗೆ ಕೇಳುವುದಿಲ್ಲ, ದೇವರ ಮನೆಯಿಂದ ಒಳಗೆ ಬರುತ್ತಾರೆ. ನಮ್ಮಪ್ಪ ಬುದ್ಧನ ಕಡೆ ಬಂದವನು, ಆದರೆ ಅಜ್ಜನವರೆಗೂ ನಾವು ಮೈಲಾರಲಿಂಗನ ಒಕ್ಕಲು. ಮೈಲಾರಲಿಂಗನಿಗೆ ಎಲ್ಲ ಜಾತಿಯ ಒಕ್ಕಲೂ ಇರುವುದರಿಂದ ಅವನ ಹೆಸರು ಹೇಳಿದರೆ ಎದುರಿಗಿದ್ದವರಿಗೆ ಏನೂ ಹೊಳೆಯುವುದಿಲ್ಲ. “ಚಲೋ ಆತು ಬಿಡ್ರಿ, ನಮ್ಮದೂ ಅದೇ ದೇವ್ರು! ಹಂಗಾದ್ರ ನೀವು ಯಾರ ಪೈಕಿ?” ಸುಳ್ಳು ನನಗೆ ಬಾರದು. ಊರಾಚೆಯ ಕೇರಿಯವರು, ಈಗ ಬೌದ್ಧರು ಎನ್ನುತ್ತಿದ್ದೆ. “ಅಯ್ಯ, ಮರತಿದ್ದೆ ನೋಡ್ರಿ ಸರ, ನಮ್ಮ ಅಳಿಯ ಬರ್ತಾನಂತ, ಮನಿ ಅವಗ ಬೇಕಂತ.” ಆ ತಿಂಗಳು ಹರಪನಹಳ್ಳಿಯ ಹನ್ನೊಂದು ಮನೆಗಳಿಗೆ ಹನ್ನೊಂದು ಅಳಿಯಂದಿರು ಬರುವವರಿದ್ದರು. ಅದರಲ್ಲಿ ಒಬ್ಬ ಮಾಲೀಕರಿಗೆ ಇದ್ದವರು ಇಬ್ಬರೂ ಗಂಡುಮಕ್ಕಳೇ. ನಗುತ್ತಲೇ ಹೊರಬರುತ್ತಿದ್ದೆ, ಸಂದಿ ತಿರುಗಿದ ಮೇಲೆ ನಗು ಇಳಿಸುತ್ತಿದ್ದೆ.

ಕಡೆಗೆ ಬ್ರೋಕರ್ ಮಂಜಣ್ಣ ಸಿಕ್ಕ. “ಒಂದು ಮನಿ ಐತಿ ಸರ. ಅಲ್ಲಿ ಯಾರೂ ಏನೂ ಕೇಳಂಗಿಲ್ಲ.” ಊರ ಅಂಚಿನಲ್ಲಿ ದಪ್ಪ ಗೋಡೆಯ ಹಳೆಯ ಮನೆ. ಮಂಜಣ್ಣ ಬೈಕಿನಿಂದ ಇಳಿಯಲಿಲ್ಲ, ಅಲ್ಲಿಂದಲೇ ಕೈ ಉದ್ದ ಮಾಡಿ ಬೀಗದಕೈ ಕೊಟ್ಟ. ಒಳಗೆ ಬಾ ಎಂದರೆ “ನನಗ ಧೂಳು ಆಗಂಗಿಲ್ಲ ಸರ” ಎಂದ. “ಓನರು?” “ದಾವಣಗೆರ್ಯಾಗ ಅದಾರ. ಈ ಕಡಿ ಬರಂಗಿಲ್ಲ.” ಇಷ್ಟು ಒಳ್ಳೆಯ ಮಾಲೀಕರೂ ಇರುತ್ತಾರೆಯೇ ಎಂದು ನನಗೆ ಕಣ್ಣು ತುಂಬಿ ಬಂತು.

ಆ ವಾರವೇ ಹೆಂಡತಿ ಮಗಳನ್ನು ಕರೆತಂದೆ. ಪಡಸಾಲೆಯ ತೊಲೆಗೆ ಸರಪಳಿ ಬಿಗಿದ ಒಂದು ಜೋಕಾಲಿ ಇತ್ತು. ಹಲಗೆ ಉಜ್ಜಿ ಉಜ್ಜಿ ನುಣುಪಾಗಿತ್ತು. ದಿನಾ ಮಧ್ಯಾಹ್ನ ಮೂರಕ್ಕೆ ಅದು ತಾನಾಗಿ ತೂಗುತ್ತದೆ ಎಂದು ಮೊದಲು ಕಂಡವಳು ಸುಜಾತ. ಗಾಳಿ ಇರಬೇಕು ಎಂದೆ. ಒಂದು ಭಾನುವಾರ ಕಿಟಕಿ ಮುಚ್ಚಿ, ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಇಲಾಖೆಯ ಟೇಪು ಹಿಡಿದು ನಿಂತೆ. ಮೂರಕ್ಕೆ ಸರಪಳಿ ಕಿರ್ ಅಂದಿತು. ಯಾರೋ ಹಗುರವಾಗಿ ಕೂತಂತೆ ಹಲಗೆಯ ಒಂದು ಬದಿ ತುಸು ತಗ್ಗಿತು. ಒಂದು ಮೊಳ ಮುಂದೆ ಹೋಯಿತು, ಒಂದು ಮೊಳ ಹಿಂದೆ ಬಂತು. ನನ್ನ ಕೈಯಿಂದ ಟೇಪು ಸರ್ರನೆ ಡಬ್ಬಿಯೊಳಗೆ ಓಡಿತು. ಅದಕ್ಕಿದ್ದ ಬುದ್ಧಿ ನನಗಿರಲಿಲ್ಲ, ಅಲ್ಲೇ ನಿಂತಿದ್ದೆ.

ಪಕ್ಕದ ಮನೆಯಾಕೆ ಗೇಟಿನ ಆಚೆಯಿಂದಲೇ ವಿಷಯ ಹೇಳಿದಳು. “ಓನರ ತಾಯಿ ರೀ ಅಕಿ. ಸತ್ತು ಭಾಳ ವರ್ಷಾತು. ಮೂರರ ಹೊತ್ತಿಗೆ ಅಲ್ಲೇ ಕುಂದ್ರತಿದ್ಲು. ಮಗಾನೇ ಹೆದರಿ ಬರಂಗಿಲ್ಲ, ನೀವೇನು ಇರ್ತೀರಿ?” ಗಂಟು ಕಟ್ಟೋಣವೇ ಎಂದು ಸುಜಾತಳನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. “ಕಟ್ಟಿಕೊಂಡು ಎಲ್ಲಿಗ್ಹೋಗೂದು? ಅಕಿ ಇದ್ರ ಇರ್ಲಿ ಬಿಡ್ರಿ. ಜೀವ ಇದ್ದೋರು ನಮ್ಮನ್ನ ಇಟ್ಕೊಳ್ಳಲಿಲ್ಲ, ಅಕಿ ಇಟ್ಕೊಂಡಾಳ.” ಹಾಗೆ ನಾವು ನಾಲ್ವರೂ ಹೊಂದಿಕೊಂಡು ಇದ್ದೆವು.

ಒಂದು ಶನಿವಾರ ಬೇಗ ಮನೆಗೆ ಬಂದೆ. ಮೈತ್ರಿ ಜೋಕಾಲಿಯ ಒಂದು ತುದಿಯಲ್ಲಿ ಕೂತು ಪಕ್ಕದ ಖಾಲಿ ಜಾಗಕ್ಕೆ ಏನೋ ಹೇಳುತ್ತಿದ್ದಳು. ಖಾಲಿ ಬದಿಯೇ ಹೆಚ್ಚು ತಗ್ಗಿತ್ತು.

“ಯಾರ ಜೊತಿ ಮಾತಾಡಾಕತ್ತೀ?”

“ಅಜ್ಜಿ ಜೊತಿ.”

“ಏನಂದ್ಲು?”

“ಹೆಸ್ರು ಕೇಳಿದ್ಲು. ಆಮ್ಯಾಲೆ ಉಂಡ್ಯಾ ಅಂತ ಕೇಳಿದ್ಲು.”

“ಮತ್ತೇನು ಕೇಳಿದ್ಲು?”

“ಅಷ್ಟ.”

ಹೆಸರು, ಊಟ, ಅಷ್ಟೇ. ಹನ್ನೊಂದು ಮನೆಯ ಚಹಾ ಕುಡಿದವನಿಗೆ ಇದು ನಂಬುವ ಮಾತಾಗಿ ಕಾಣಲಿಲ್ಲ. ಇಂಥ ಒಳ್ಳೆಯ ಮುದುಕಿ ಯಾವ ಮನೆತನದವಳಿರಬಹುದು ಎಂದು ಮನಸ್ಸಿಗೆ ಬಂದದ್ದೇ ತಡ, ಬಾಯಿ ತಾನಾಗಿ ತೆರೆಯಿತು: “ಅಜ್ಜಿ ಯಾರ ಪೈಕಿ ಅಂತ ಕೇಳವ್ವ.”

ಮಗಳು ವಿಧೇಯಳಾಗಿ ಪಕ್ಕಕ್ಕೆ ತಿರುಗಿ ಕೇಳಿದಳು. “ಅಜ್ಜಿ, ನೀ ಯಾರ ಪೈಕಿ?”

ಸರಪಳಿಯ ಸದ್ದು ನಿಂತಿತು. ತಗ್ಗಿದ್ದ ಬದಿ ಮೆಲ್ಲಗೆ ಮೇಲೆದ್ದಿತು, ಈಗ ಮೈತ್ರಿ ಕೂತ ಬದಿ ತಗ್ಗಿತು. “ಅಪ್ಪಾ, ಅಜ್ಜಿ ಎದ್ದು ಹೋದ್ಲು” ಎಂದು ಮಗು ಅಳತೊಡಗಿತು.

ಅಂದಿನಿಂದ ಜೋಕಾಲಿ ಅಲುಗಿಲ್ಲ. ಮೂರು ಗಂಟೆಗೆ ಪಡಸಾಲೆಯಲ್ಲಿ ಕೂತು ಕಾದೆ, ತಪ್ಪಾಯಿತವ್ವ ಎಂದು ಬಾಯಿಬಿಟ್ಟೇ ಹೇಳಿದೆ. ಹಲಗೆ ಬರೀ ಹಲಗೆಯಾಗಿ ತೂಗುಬಿದ್ದಿತ್ತು. ನಿನ್ನೆ ಮಂಜಣ್ಣ ಬಂದ. ಬೈಕು ನಿಲ್ಲಿಸಿ, ಮೊದಲ ಸಲ ಹೊಸ್ತಿಲು ದಾಟಿ, ಸೀದಾ ಹೋಗಿ ಜೋಕಾಲಿಯ ಮೇಲೆ ಕೂತ. “ಓಣ್ಯಾಗೆಲ್ಲ ಸುದ್ದಿ ಆಗೇತಿ ಸರ, ಅಜ್ಜಿ ಹೋದ್ಲಂತ, ಮನಿ ಶುದ್ಧ ಆತಂತ. ಓನರು ಬರೋ ಐತವಾರ ಖುದ್ದು ಬರ್ತಾರಂತ. ನಿಮ್ಮ ಮನಿದೇವ್ರು ಯಾವ್ದು ಅಂತ ಕೇಳಾಕ ಹೇಳ್ಯಾರ.”

ಅಡುಗೆಮನೆ ಬಾಗಿಲಲ್ಲಿದ್ದ ಸುಜಾತ ಮಂಜಣ್ಣನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಕೇಳಿದೆ.

“ಓನರಿಗೆ ಅಳಿಯ ಅದಾನೇನು ಮಂಜಣ್ಣ?”

“ಒಬ್ರಲ್ಲ ಸರ,” ಎಂದ ಮಂಜಣ್ಣ, ಕಾಲಿನಿಂದ ನೆಲ ಒತ್ತಿ ಜೋಕಾಲಿ ತೂಗುತ್ತ, “ಇಬ್ರು ಅದಾರ.”